ಕಾರಿನ ಕ್ಯಾಬಿನ್ ಫಿಲ್ಟರ್: ಕಡಿಮೆ ಖರ್ಚಿನಲ್ಲಿ ಸರಿಯಾದದ್ದನ್ನು ಪಡೆಯುವ ಬಗೆ

ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರಿನ ಎ.ಸಿ. ಫಿಲ್ಟರಿನ ಬೆಲೆ ಮತ್ತು ಬದಲಾವಣೆಯ ಬಗ್ಗೆ ಕಾಸರಗೋಡು ಜಿಲ್ಲೆಯ ಕೆಲವು ಓದುಗರು ಬೇರೆ ಬೇರೆಯಾಗಿ ಬರೆದಿದ್ದಾರೆ. ವಿಷಯ ಒಂದೇ ಆದ್ದರಿಂದ ಆ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಶಿಕ್ಷಕ. ನನ್ನಲ್ಲಿ ಐದು ವರ್ಷ ಹಳೆಯದಾದ ಸಣ್ಣ ಪೆಟ್ರೋಲ್ ಕಾರಿದೆ. ವರ್ಷಕ್ಕೆ ಆರೇಳು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಓಡುವುದಿಲ್ಲ. ಕಳೆದ ಸರ್ವೀಸಿನ ಬಿಲ್ಲಿನಲ್ಲಿ ‘ಎ.ಸಿ. ಫಿಲ್ಟರ್’ ಎಂದು 850 ರೂಪಾಯಿಯನ್ನೂ ಅದನ್ನು ಹಾಕಿದ ಲೇಬರ್ ಚಾರ್ಜ್ ಎಂದು ಬೇರೆಯೇ 250 ರೂಪಾಯಿಯನ್ನೂ ಬರೆದಿದ್ದರು. ಅದೇ ಫಿಲ್ಟರ್ ಹೊರಗೆ ಮುನ್ನೂರಕ್ಕೆ ಸಿಗುತ್ತದೆಂದು ಅಳಿಯಂದಿರು ಹೇಳುತ್ತಾರೆ. ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋದರೆ ಇನ್ನೂ ಅಗ್ಗವೆಂದು ನೆರೆಮನೆಯವರು ಹೇಳುತ್ತಾರೆ. ಅಗ್ಗದ್ದನ್ನು ಹಾಕಿದರೆ ಕಾರಿಗೆ ಹಾನಿಯಾದೀತೇ? ಎಲ್ಲಿ, ಏನೆಂದು ಕೇಳಿ ಕೊಳ್ಳಬೇಕು?
– ಓದುಗರು, ಬದಿಯಡ್ಕ

ಉತ್ತರ: ತಮ್ಮ ಬಿಲ್ಲಿನಲ್ಲಿರುವ ವಸ್ತು ಯಾವುದೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳೋಣ. ಕಾರಿನಲ್ಲಿ ಗಾಳಿ ಸೋಸುವ ಫಿಲ್ಟರುಗಳು ಎರಡು. ಬಾನೆಟ್ಟಿನ ಕೆಳಗೆ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕುಳಿತು ಎಂಜಿನ್ ಎಳೆದುಕೊಳ್ಳುವ ಗಾಳಿಯನ್ನು ಸೋಸುವುದು ಎಂಜಿನ್ನಿನ ಏರ್ ಫಿಲ್ಟರ್. ನಾವು ಕುಳಿತುಕೊಳ್ಳುವ ಜಾಗಕ್ಕೆ ಬ್ಲೋವರ್ ದೂಡುವ ಗಾಳಿಯನ್ನು ಸೋಸುವುದು ಕ್ಯಾಬಿನ್ ಫಿಲ್ಟರ್. ಇದನ್ನೇ ಗ್ಯಾರೇಜುಗಳಲ್ಲಿ ಎ.ಸಿ. ಫಿಲ್ಟರ್ ಎಂದೂ ಕೆಲವು ಪೊಟ್ಟಣಗಳ ಮೇಲೆ ಪೋಲನ್ ಫಿಲ್ಟರ್ ಎಂದೂ ಕರೆಯುತ್ತಾರೆ. ಅಂಗಡಿಯಲ್ಲಿ ಬರಿಯ ‘ಏರ್ ಫಿಲ್ಟರ್’ ಎಂದು ಕೇಳಿದರೆ ಎಂಜಿನ್ನಿನದ್ದನ್ನೇ ಕೊಡುತ್ತಾರೆ, ಆದ್ದರಿಂದ ‘ಎ.ಸಿ. ಫಿಲ್ಟರ್’ ಎಂದೇ ಕೇಳಿ.

ಈ ವ್ಯತ್ಯಾಸದಲ್ಲೇ ತಮ್ಮ ಆತಂಕಕ್ಕೆ ಅರ್ಧ ಉತ್ತರವಿದೆ. ಕ್ಯಾಬಿನ್ ಫಿಲ್ಟರಿನ ಮೂಲಕ ಹಾಯುವ ಗಾಳಿ ಎಂಜಿನ್ನಿಗೆ ಹೋಗುವುದೇ ಇಲ್ಲ. ಹೀಗಾಗಿ ಸಾಧಾರಣ ಗುಣಮಟ್ಟದ ಕ್ಯಾಬಿನ್ ಫಿಲ್ಟರ್ ಹಾಕಿದರೆ ಎಂಜಿನ್ ಸವೆಯುತ್ತದೆ, ಮೈಲೇಜ್ ಇಳಿಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಕಳಪೆಯಾದದ್ದರಿಂದ ಆಗಬಹುದಾದ ತೊಂದರೆ ಬೇರೆ ರೀತಿಯದು. ಫಿಲ್ಟರ್ ತನ್ನ ಜಾಗದಲ್ಲಿ ಬಿಗಿಯಾಗಿ ಕೂರದಿದ್ದರೆ ಗಾಳಿ ಅದರ ಅಂಚಿನ ಸಂದಿನಿಂದ ನುಸುಳಿ ಧೂಳಿನೊಂದಿಗೇ ಒಳಗೆ ಬರುತ್ತದೆ. ಆ ಧೂಳು ಎ.ಸಿ.ಯ ಕೂಲಿಂಗ್ ಕಾಯಿಲಿನ ತೇವಕ್ಕೆ ಅಂಟಿ ಕೆಸರಾಗುತ್ತದೆ, ಮತ್ತು ಆ ಕಾಯಿಲನ್ನು ಶುಚಿಗೊಳಿಸುವ ಖರ್ಚು ಹಲವು ಫಿಲ್ಟರುಗಳ ಬೆಲೆಯನ್ನು ಮೀರುತ್ತದೆ. ಆದ್ದರಿಂದ ಹುಡುಕಬೇಕಾದದ್ದು ಎಲ್ಲಕ್ಕಿಂತ ಅಗ್ಗವಾದದ್ದನ್ನಲ್ಲ, ತಮ್ಮ ಕಾರಿಗೆ ಸರಿಯಾಗಿ ಕೂರುವ ಫಿಲ್ಟರುಗಳ ಪೈಕಿ ಅಗ್ಗವಾದದ್ದನ್ನು.

ಸರಿಯಾಗಿ ಕೂರುವುದು ಯಾವುದೆಂದು ತಿಳಿಯಲು ಊಹೆ ಬೇಡ, ಪಾರ್ಟ್ ನಂಬರ್ ಸಾಕು. ಈಗ ಕಾರಿನಲ್ಲಿರುವ ಫಿಲ್ಟರನ್ನು ಹೊರತೆಗೆದು ನೋಡಿದರೆ ಅದರ ಅಂಚಿನ ಪಟ್ಟಿಯ ಮೇಲೆ ಸಾಮಾನ್ಯವಾಗಿ ಸಂಖ್ಯೆ ಮುದ್ರಿತವಾಗಿರುತ್ತದೆ; ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಅಕ್ಷರ ಅಳಿಸಿಹೋಗಿದ್ದರೆ ಆರ್.ಸಿ.ಯಲ್ಲಿರುವ 17 ಅಕ್ಷರ–ಅಂಕಿಗಳ ಚಾಸಿಸ್ ನಂಬರನ್ನು ಕಂಪೆನಿಯ ಬಿಡಿಭಾಗದ ಕೌಂಟರಿನಲ್ಲಿ ಕೊಟ್ಟರೆ ಅವರು ಕಂಪ್ಯೂಟರಿನಲ್ಲಿ ನೋಡಿ ಸಂಖ್ಯೆ ಹೇಳುತ್ತಾರೆ. ಕಾರಿನ ಹೆಸರು ಮಾತ್ರ ಹೇಳಿ ಕೊಳ್ಳುವುದು ಅಪಾಯದ ಕೆಲಸ, ಏಕೆಂದರೆ ಒಂದೇ ಹೆಸರಿನ ಕಾರು ತಲೆಮಾರು ಬದಲಾದಾಗ ಒಳಗಿನ ಎ.ಸಿ. ಪೆಟ್ಟಿಗೆಯ ಅಳತೆಯೂ ಬದಲಾಗಿರಬಹುದು. ಇದರ ಜೊತೆಗೆ ಹಳೆಯ ಫಿಲ್ಟರಿನ ಉದ್ದ, ಅಗಲ, ದಪ್ಪಗಳನ್ನು ಮಿಲಿಮೀಟರಿನಲ್ಲಿ ಅಳೆದು ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಕಾಸರಗೋಡು ಪೇಟೆಯ ಅಂಗಡಿಯವರು ಮಲಯಾಳದಲ್ಲಿ ಮಾತನಾಡಿದರೂ ಕನ್ನಡದಲ್ಲಿ ಮಾತನಾಡಿದರೂ ಈ ಸಂಖ್ಯೆಯೊಂದು ಕೈಯಲ್ಲಿದ್ದರೆ ಗೊಂದಲಕ್ಕೆ ಎಡೆಯೇ ಇರುವುದಿಲ್ಲ.

ಇಲ್ಲಿ ಹಣ ಉಳಿಸುವ ಒಂದು ದಾರಿಯನ್ನು ಹೇಳಬೇಕು; ಇದನ್ನು ಸರ್ವೀಸ್ ಸೆಂಟರಿನವರು ತಾವಾಗಿ ಹೇಳುವುದು ಅಪರೂಪ. ನಮ್ಮ ದೇಶದಲ್ಲಿ ಬೇರೆ ಬೇರೆ ಕಂಪೆನಿಗಳ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಕಾರುಗಳು ಒಳಗೆ ಒಂದೇ. ಟೊಯೋಟಾ ಗ್ಲಾನ್ಜಾ ಎಂಬುದು ಮಾರುತಿ ಬಲೆನೊ ಕಾರಿನದ್ದೇ ಇನ್ನೊಂದು ರೂಪ. ಸ್ಕೋಡಾ ಕುಶಾಕ್ ಮತ್ತು ಫೋಕ್ಸ್‌ವ್ಯಾಗನ್ ಟೈಗುನ್ ಒಂದೇ ತಳಹದಿಯ ಮೇಲೆ ಕಟ್ಟಿದವು. ಹ್ಯುಂಡೈ ಮತ್ತು ಕಿಯಾ ಕಾರುಗಳಿಗೆ ಬಿಡಿಭಾಗಗಳು ಬರುವುದು ಮೋಬಿಸ್ ಎಂಬ ಒಂದೇ ಮೂಲದಿಂದ. ಇಂತಹ ಜೋಡಿ ಕಾರುಗಳಲ್ಲಿ ಫಿಲ್ಟರಿನ ಅಳತೆ ಒಂದೇ ಆಗಿದ್ದರೂ ಪೊಟ್ಟಣದ ಮೇಲಿನ ಹೆಸರಿಗೆ ತಕ್ಕಂತೆ ಬೆಲೆ ಬೇರೆಯಾಗಿರುವುದುಂಟು. ಹೆಚ್ಚು ಮಾರಾಟವಾಗುವ ಕಾರಿನ ಹೆಸರಿನ ಪೊಟ್ಟಣ ಸಾಮಾನ್ಯವಾಗಿ ಕಡಿಮೆ ಬೆಲೆಯದು, ಸಣ್ಣ ಪೇಟೆಯಲ್ಲೂ ಸಿಗುವಂಥದು. ಅಳತೆಗಳನ್ನು ಹೋಲಿಸಿ ನೋಡಿಯೇ ಕೊಳ್ಳಬೇಕೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಎಲ್ಲಿ ಕೊಳ್ಳಬೇಕೆಂಬುದಕ್ಕೆ ಮೂರು ದಾರಿಗಳಿವೆ. ಮೊದಲನೆಯದು ಕಂಪೆನಿಯ ಬಿಡಿಭಾಗದ ಕೌಂಟರ್. ಕಾರನ್ನು ಸರ್ವೀಸಿಗೆ ಬಿಡದೆ ಭಾಗವನ್ನು ಮಾತ್ರ ಕೊಳ್ಳಬಹುದೆಂಬುದು ಹಲವರಿಗೆ ತಿಳಿದಿಲ್ಲ. ಲೇಬರ್ ಚಾರ್ಜ್ ಇಲ್ಲದೆ, ಮುದ್ರಿತ ಎಂ.ಆರ್.ಪಿ.ಗೆ ಅಸಲಿ ಫಿಲ್ಟರೇ ಸಿಗುತ್ತದೆ. ಸಣ್ಣ ಕಾರುಗಳಲ್ಲಿ ಈ ಬೆಲೆ ಜನ ಭಾವಿಸುವಷ್ಟು ಹೆಚ್ಚಿರುವುದಿಲ್ಲ. ಎರಡನೆಯದು ಬಾಷ್, ಮಾನ್, ಮಾಹ್ಲೆ, ಪ್ಯೂರೊಲೇಟರ್, ಯುನೊ ಮಿಂಡಾ ಮುಂತಾದ ಬಿಡಿಭಾಗ ತಯಾರಕರ ಪೊಟ್ಟಣಗಳನ್ನು ಇಡುವ ಹೊರಗಿನ ಸ್ಪೇರ್ ಪಾರ್ಟ್ಸ್ ಅಂಗಡಿ. ಇವರಲ್ಲಿ ಹಲವರು ಕಾರು ಕಂಪೆನಿಗಳಿಗೂ ಭಾಗಗಳನ್ನು ಒದಗಿಸುವವರೇ ಆದ್ದರಿಂದ ಅಂಜಬೇಕಾದ ಕಾರಣವಿಲ್ಲ. ಸಣ್ಣ ಕಾರಿನ ಸಾದಾ ಫಿಲ್ಟರ್ ಇಂಥ ಅಂಗಡಿಗಳಲ್ಲಿ ಹೆಚ್ಚಾಗಿ 200ರಿಂದ 500 ರೂಪಾಯಿಯೊಳಗೆ ಮುಗಿಯುತ್ತದೆ. ವಾಸನೆ ಹಿಡಿಯುವ ಇದ್ದಿಲಿನ ಪದರವಿರುವುದಕ್ಕೆ ಇದರ ಒಂದೂವರೆಪಟ್ಟು ಅಥವಾ ಎರಡುಪಟ್ಟು ಹಿಡಿಯಬಹುದು. ಅಳಿಯಂದಿರು ಹೇಳಿದ ಮುನ್ನೂರು ಈ ಲೆಕ್ಕದಲ್ಲಿ ನಂಬತಕ್ಕ ಮಾತೇ. ತಮ್ಮ ಬಿಲ್ಲಿನ 850 ಇದ್ದಿಲಿನ ಫಿಲ್ಟರಿನ ಬೆಲೆಯಾಗಿರುವ ಸಾಧ್ಯತೆಯಿದೆ. ಬಿಲ್ಲಿನಲ್ಲಿ ಪಾರ್ಟ್ ನಂಬರ್ ಇರುತ್ತದೆ, ಅದನ್ನು ಕೌಂಟರಿನಲ್ಲಿ ತೋರಿಸಿ ಕೇಳಿ. ಮೂರನೆಯದು ಆನ್‌ಲೈನ್. ಬೆಲೆ ಹೋಲಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲವಾದರೂ ಒಂದೇ ಫಿಲ್ಟರಿಗೆ ಡೆಲಿವರಿ ಚಾರ್ಜ್ ಸೇರಿದಾಗ ಲಾಭ ಕರಗಿಹೋಗುತ್ತದೆ. ಅದೇ ಕಾರು ಇರುವ ನೆಂಟರೋ ನೆರೆಯವರೋ ಇದ್ದರೆ ಒಟ್ಟಿಗೆ ತರಿಸಿಕೊಳ್ಳಿ. ಹೆಚ್ಚುವರಿಯಾಗಿ ತರಿಸಿಟ್ಟುಕೊಳ್ಳುವುದಾದರೆ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚದೆ ಒಣಗಿದ ಜಾಗದಲ್ಲಿಡಬೇಕು. ನಮ್ಮ ಮಳೆಗಾಲದ ತೇವಕ್ಕೆ ತೆರೆದಿಟ್ಟ ಫಿಲ್ಟರ್ ಬಳಸುವ ಮೊದಲೇ ಬೂಸ್ಟು ಹಿಡಿದೀತು.

ಗಡಿ ದಾಟುವ ವಿಚಾರ. ಪೆಟ್ರೋಲಿನ ಮೇಲೆ ಎರಡು ರಾಜ್ಯಗಳ ತೆರಿಗೆ ಬೇರೆಯಾದ್ದರಿಂದ ತಲಪಾಡಿಯಾಚೆ ಟ್ಯಾಂಕ್ ತುಂಬಿಸಿಕೊಂಡು ಬರುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ, ಮತ್ತು ಅದೇ ಲೆಕ್ಕವನ್ನು ಎಲ್ಲ ವಸ್ತುಗಳಿಗೂ ಹಚ್ಚುತ್ತೇವೆ. ಬಿಡಿಭಾಗಗಳಿಗೆ ಅದು ಹೊಂದುವುದಿಲ್ಲ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ಮೇಲೆ ಕೇರಳದಲ್ಲೂ ಕರ್ನಾಟಕದಲ್ಲೂ ಇವುಗಳ ತೆರಿಗೆ ದರ ಒಂದೇ. ಪ್ರಳಯದ ಪುನರ್ನಿರ್ಮಾಣಕ್ಕಾಗಿ ಕೇರಳ ಸರಕಾರ ವಿಧಿಸಿದ್ದ ಶೇಕಡಾ 1ರ ಸೆಸ್ ಕೂಡ 2019ರ ಆಗಸ್ಟಿನಿಂದ 2021ರ ಜುಲೈವರೆಗೆ ಎರಡು ವರ್ಷ ಮಾತ್ರ ಇತ್ತು. ಮಂಗಳೂರಿನಲ್ಲಿ ಅಂಗಡಿಗಳು ಹೆಚ್ಚು, ದಾಸ್ತಾನು ಹೆಚ್ಚು, ಪೈಪೋಟಿಯಿಂದ ರಿಯಾಯಿತಿಯೂ ಸ್ವಲ್ಪ ಹೆಚ್ಚು ಎಂಬುದು ನಿಜ. ಆದರೆ ಐವತ್ತು ರೂಪಾಯಿ ಉಳಿಸುವುದಕ್ಕಾಗಿ ಬದಿಯಡ್ಕದಿಂದ ಮಂಗಳೂರಿಗೆ ಹೋಗಿಬರುವುದು ಲೆಕ್ಕಕ್ಕೆ ಸಿಗದ ವ್ಯವಹಾರ. ಆಸ್ಪತ್ರೆಗೋ ಮದುವೆಗೋ ಹೋದಾಗ ತಂದಿಟ್ಟುಕೊಳ್ಳಬಹುದು.

ನಕಲಿ ಮಾಲಿನ ಬಗ್ಗೆ ಎಚ್ಚರವಿರಲಿ. ಪೊಟ್ಟಣದಲ್ಲಿ ಕಟ್ಟಿ ಮಾರುವ ವಸ್ತುಗಳ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು–ವಿಳಾಸ, ತಯಾರಿಯ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಎಂ.ಆರ್.ಪಿ., ಗ್ರಾಹಕರ ದೂರಿಗೆ ಸಂಪರ್ಕ ವಿವರ ಇವೆಲ್ಲ ಇರಬೇಕೆಂದು 2011ರ ಕಾನೂನುಬದ್ಧ ಮಾಪನ ನಿಯಮಗಳು ಹೇಳುತ್ತವೆ. ಇವುಗಳಲ್ಲಿ ಯಾವುದೂ ಇಲ್ಲದ ಬಿಳಿ ಕವರಿನ ಫಿಲ್ಟರ್ ಎಷ್ಟೇ ಅಗ್ಗವಾಗಿದ್ದರೂ ಬೇಡ. ಹೊರತೆಗೆದು ನೋಡಲು ಬಿಟ್ಟರೆ ಮಡಿಕೆಗಳು ಸಮಾನ ಅಂತರದಲ್ಲಿ ನೇರವಾಗಿವೆಯೇ, ಅಂಚಿನ ಪಟ್ಟಿ ಸುತ್ತಲೂ ಬಿಡದೆ ಅಂಟಿಕೊಂಡಿದೆಯೇ, ಬೆರಳಿನಿಂದ ಮೆಲ್ಲನೆ ಒತ್ತಿದರೆ ಮಡಿಕೆ ಮರಳಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ. ಒಂದೇ ಅಳತೆಯ ಎರಡು ಫಿಲ್ಟರುಗಳಲ್ಲಿ ಮಡಿಕೆಗಳು ಹೆಚ್ಚಿರುವುದಕ್ಕೆ ಧೂಳು ಹಿಡಿಯುವ ಮೈ ಹೆಚ್ಚು, ಬಾಳಿಕೆಯೂ ಹೆಚ್ಚು. ಬೆಲೆ ಅಗ್ಗವಾಗುವುದು ಬಹಳ ಸಲ ಮಡಿಕೆ ಕಡಿಮೆಯಾಗುವುದರಿಂದಲೇ.

ಇನ್ನು ಆ 250 ರೂಪಾಯಿ. ಇದನ್ನು ತಾವು ಪೂರ್ತಿಯಾಗಿ ಉಳಿಸಬಹುದು. ಹೆಚ್ಚಿನ ಕಾರುಗಳಲ್ಲಿ ಈ ಫಿಲ್ಟರ್ ಇರುವುದು ಮುಂದಿನ ಎಡಸೀಟಿನ ಎದುರಿರುವ ಗ್ಲೋವ್ ಬಾಕ್ಸಿನ ಹಿಂದೆ. ಕಾರನ್ನು ಆಫ್ ಮಾಡಿ, ಗ್ಲೋವ್ ಬಾಕ್ಸನ್ನು ಖಾಲಿ ಮಾಡಿ, ಅದನ್ನು ನಿಧಾನವಾಗಿ ಇಳಿಯುವಂತೆ ಹಿಡಿದಿರುವ ದಾರವೋ ಕಡ್ಡಿಯೋ ಇದ್ದರೆ ಕಳಚಿ, ಎರಡೂ ಪಕ್ಕದ ಗೋಡೆಗಳನ್ನು ಒಳಕ್ಕೆ ಒತ್ತಿದರೆ ಪೆಟ್ಟಿಗೆ ಕೆಳಕ್ಕೆ ಬಾಗುತ್ತದೆ. ಅದರ ಹಿಂದೆ ಕಾಣುವ ಉದ್ದನೆಯ ಮುಚ್ಚಳದ ಕ್ಲಿಪ್ಪುಗಳನ್ನು ಒತ್ತಿ ತೆರೆದರೆ ಫಿಲ್ಟರನ್ನು ಹೊರಕ್ಕೆ ಎಳೆಯಬಹುದು. ಕೆಲವು ಕಾರುಗಳಲ್ಲಿ ಒಂದೆರಡು ಸ್ಕ್ರೂ ಬಿಚ್ಚಬೇಕಾದೀತು; ಮ್ಯಾನ್ಯುಯಲ್‌ನಲ್ಲಿ ಚಿತ್ರ ಸಮೇತ ವಿವರಣೆ ಇರುತ್ತದೆ. ನೆನಪಿಡಬೇಕಾದ ಮಾತೆಂದರೆ ಫಿಲ್ಟರಿನ ಅಂಚಿನಲ್ಲಿ ಗಾಳಿಯ ದಿಕ್ಕನ್ನು ತೋರಿಸುವ ಬಾಣದ ಗುರುತಿರುತ್ತದೆ. ಹಳೆಯದನ್ನು ತೆಗೆಯುವಾಗಲೇ ಬಾಣ ಯಾವ ಕಡೆಗಿತ್ತೆಂದು ನೋಡಿಕೊಂಡು ಹೊಸದನ್ನೂ ಹಾಗೆಯೇ ಸೇರಿಸಬೇಕು. ತಿರುಗುಮುರುಗಾದರೆ ಇದ್ದಿಲಿನ ಫಿಲ್ಟರಿನಲ್ಲಿ ಪದರಗಳ ಕ್ರಮ ತಪ್ಪಿ ಧೂಳು ಮೊದಲು ಇದ್ದಿಲಿಗೇ ತಾಗಬಹುದು. ಹಳೆಯದು ತೇವವಾಗಿಯೋ ಎಲೆಕಸದಿಂದ ತುಂಬಿಯೋ ಇದ್ದರೆ ಎಳೆಯುವಾಗ ಕಸ ಬ್ಲೋವರಿನೊಳಕ್ಕೆ ಬೀಳದಂತೆ ಅಡ್ಡವಾಗಿಯೇ ತೆಗೆಯಿರಿ.

ಹೊರಗಿನ ಫಿಲ್ಟರ್ ಹಾಕಿದರೆ ವಾರಂಟಿ ಪೂರ್ತಿ ಹೋಗುತ್ತದೆಂದು ಯಾರಾದರೂ ಹೆದರಿಸಿದರೆ ಆ ಮಾತನ್ನು ಬರಹದಲ್ಲಿ ಕೊಡಲು ಕೇಳಿ. ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೆ ಬಿಡದೆ ಗ್ರಾಹಕರನ್ನು ತಮ್ಮ ಸರ್ವೀಸ್ ಸೆಂಟರುಗಳಿಗೇ ಕಟ್ಟಿಹಾಕುವ ಪದ್ಧತಿಯ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪೆನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿ ಆದೇಶ ನೀಡಿತ್ತು. ದಂಡದ ವಿಷಯ ಮುಂದೆ ಮೇಲ್ಮನವಿಗೆ ಹೋಯಿತಾದರೂ ಗ್ರಾಹಕನಿಗೆ ಆಯ್ಕೆ ಇರಬೇಕೆಂಬ ವಾದ ಬಲಗೊಂಡದ್ದು ಅಲ್ಲಿಂದಲೇ. ಬಿಲ್ಲಿನ ಬಗ್ಗೆ ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮುಂದಿನ ಸರ್ವೀಸಿಗೆ ಬಿಡುವಾಗ ‘ಎ.ಸಿ. ಫಿಲ್ಟರನ್ನು ಕೇಳದೆ ಬದಲಿಸಬಾರದು, ತೆಗೆದ ಹಳೆಯ ಭಾಗವನ್ನು ತೋರಿಸಬೇಕು’ ಎಂದು ಜಾಬ್ ಕಾರ್ಡಿನಲ್ಲೇ ಬರೆಸಿ. ಇದು ದೂರಿಗಿಂತ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ.

ಬದಲಿಸುವ ಅವಧಿಯನ್ನು ಕಂಪೆನಿಗಳು ಬಹುತೇಕ 10,000ದಿಂದ 15,000 ಕಿಲೋಮೀಟರ್ ಅಥವಾ ಒಂದು ವರ್ಷ ಎಂದು ಸೂಚಿಸುತ್ತವೆ. ತಮ್ಮ ಓಡಾಟ ಕಡಿಮೆಯಾದ್ದರಿಂದ ವರ್ಷಕ್ಕೊಂದು ಸಾಕು. ಯಾವ ತಿಂಗಳಲ್ಲಿ ಎಂಬುದಕ್ಕೆ ನನ್ನದೊಂದು ಅಭಿಪ್ರಾಯವಿದೆ: ಹಿಂಗಾರಿನ ತುಲಾ ಮಳೆ ಮುಗಿದು ದೀಪಾವಳಿ ಕಳೆದ ಮೇಲೆ ಬದಲಿಸುವುದು ನಮ್ಮ ಜಿಲ್ಲೆಗೆ ಸರಿಯಾದ ಕ್ರಮ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ಈ ಊರುಗಳಲ್ಲಿ ಮೇ ತಿಂಗಳಲ್ಲಿ ಹಾಕಿದ ಹೊಸ ಫಿಲ್ಟರ್ ಮುಂದಿನ ನಾಲ್ಕೈದು ತಿಂಗಳು ತೇವವನ್ನು ಹೀರಿ, ಧೂಳಿನ ಕಾಲ ಬರುವ ಹೊತ್ತಿಗೆ ಮುಗ್ಗಲು ವಾಸನೆ ಬೀರತೊಡಗುತ್ತದೆ. ನವೆಂಬರಿನಲ್ಲಿ ಹಾಕಿ, ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಒಮ್ಮೆ ತೆಗೆದು ನೋಡಿ ಕಸ ಕೊಡವಿ ಇಟ್ಟರೆ ಒಂದೇ ಫಿಲ್ಟರಿನಲ್ಲಿ ವರ್ಷ ದಾಟಬಹುದು.

ಪ್ರಶ್ನೆ: ಕೆಲಸದ ನಿಮಿತ್ತ ಉಪ್ಪಳದಿಂದ ಮಂಗಳೂರಿಗೆ ದಿನವೂ ಕಾರಿನಲ್ಲಿ ಹೋಗಿಬರುತ್ತೇನೆ. ಶಾಲೆಗೆ ಹೋಗುವ ಮಗಳೂ ಜೊತೆಗಿರುತ್ತಾಳೆ. ಅವಳಿಗೆ ಧೂಳಿನಿಂದ ಉಬ್ಬಸ ಬರುತ್ತದೆ. ಇದ್ದಿಲಿನ ಫಿಲ್ಟರ್, ‘ಪಿ.ಎಂ. 2.5’ ಫಿಲ್ಟರ್, ‘ಹೆಪಾ’ ಫಿಲ್ಟರ್ ಎಂದೆಲ್ಲ ಮಾರುತ್ತಾರೆ. ಯಾವುದಕ್ಕೆ ಹಣ ಹಾಕುವುದು ಸಾರ್ಥಕ?
– ಓದುಗರು, ಉಪ್ಪಳ

ಉತ್ತರ: ತಮ್ಮ ದಾರಿಯಲ್ಲಿ ಗಾಳಿಗೆ ಸೇರುವುದು ಏನೆಂಬುದನ್ನು ನೋಡಿ ಆರಿಸಬೇಕು. ತಲಪಾಡಿಯಿಂದ ಚೆಂಗಳದವರೆಗಿನ ಷಟ್ಪಥ ಕಾಮಗಾರಿಯ ವರ್ಷಗಳಲ್ಲಿ ಎದ್ದ ಮಣ್ಣಿನ ಧೂಳನ್ನು, ಮುರಕಲ್ಲಿನ ಕೋರೆಗಳಿಂದ ಬರುವ ಲಾರಿಗಳು ಎಬ್ಬಿಸುವ ಕೆಂಪು ಧೂಳನ್ನು ತಾವು ಕಂಡವರೇ. ಇಂಥ ಧೂಳಿನ ಕಣಗಳು ಬಹುಪಾಲು ದಪ್ಪವಾದವು; ಸರಿಯಾಗಿ ಕೂತ ಸಾದಾ ಫಿಲ್ಟರ್ ಇವುಗಳನ್ನು ಚೆನ್ನಾಗಿಯೇ ತಡೆಯುತ್ತದೆ. ಹೆದ್ದಾರಿಯ ಲಾರಿ–ಬಸ್ಸುಗಳ ಡೀಸೆಲ್ ಹೊಗೆಯ ಮಸಿ ಬೇರೆ ಜಾತಿಯದು. ಅದರ ಕಣಗಳು 2.5 ಮೈಕ್ರೊಮೀಟರಿಗಿಂತಲೂ ಸಣ್ಣವು, ಶ್ವಾಸಕೋಶದ ಆಳಕ್ಕೆ ಇಳಿಯುವಂಥವು. ಪೊಟ್ಟಣದ ಮೇಲೆ ‘ಪಿ.ಎಂ. 2.5’ ಎಂದು ಬರೆಯುವುದು ಈ ಗಾತ್ರದ ಕಣಗಳನ್ನು ಉದ್ದೇಶಿಸಿ. ದಿನವೂ ಹೆದ್ದಾರಿಯಲ್ಲಿ ಹೋಗುವ, ಉಬ್ಬಸವಿರುವ ಮಗುವಿನ ತಂದೆಗೋ ತಾಯಿಗೋ ಹೆಸರುವಾಸಿ ತಯಾರಕರ ಇಂಥ ಫಿಲ್ಟರಿಗೆ ಹೆಚ್ಚಿನ ನೂರಿನ್ನೂರು ರೂಪಾಯಿ ಕೊಡಿ ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

ಇದ್ದಿಲಿನ ಪದರದ ಕೆಲಸ ಧೂಳು ಹಿಡಿಯುವುದಲ್ಲ, ವಾಸನೆಯನ್ನೂ ಕೆಲವು ಅನಿಲಗಳನ್ನೂ ಹಿಡಿಯುವುದು. ಈ ಸಕ್ರಿಯ ಇದ್ದಿಲನ್ನು ತಯಾರಿಸುವ ಮುಖ್ಯ ಕಚ್ಚಾವಸ್ತುಗಳಲ್ಲಿ ನಮ್ಮ ಮನೆಗಳಲ್ಲಿ ಒಲೆಗೆ ಹಾಕುವ ತೆಂಗಿನ ಗೆರಟೆಯೂ ಒಂದು. ಸುಟ್ಟು ಸಂಸ್ಕರಿಸಿದಾಗ ಅದರಲ್ಲಿ ಅಸಂಖ್ಯ ಸೂಕ್ಷ್ಮ ರಂಧ್ರಗಳಾಗಿ, ಒಂದು ಗ್ರಾಮಿನೊಳಗೆ ನೂರಾರು ಚದರ ಮೀಟರಿನಷ್ಟು ಮೈ ತೆರೆದುಕೊಳ್ಳುತ್ತದೆ. ಅನಿಲದ ಅಣುಗಳು ಅಂಟಿಕೊಳ್ಳುವುದು ಅಲ್ಲಿಗೆ. ರಂಧ್ರಗಳು ತುಂಬಿದ ಮೇಲೆ ಇದ್ದಿಲು ಕಣ್ಣಿಗೆ ಹೊಸದರಂತೆಯೇ ಕಂಡರೂ ಕೆಲಸ ನಿಲ್ಲಿಸಿರುತ್ತದೆ. ಹೊಗೆಯ ವಾಸನೆಗೇ ಮಗಳಿಗೆ ಕೆಮ್ಮು ಬರುತ್ತದೆಂದಾದರೆ ಇದು ಉಪಯುಕ್ತ. ಧೂಳು ಮಾತ್ರ ತೊಂದರೆಯಾಗಿದ್ದರೆ ಇದ್ದಿಲಿಗೆ ಕೊಟ್ಟ ಹಣದಿಂದ ಹೆಚ್ಚಿನ ಲಾಭವಿಲ್ಲ. ಕೊಳ್ಳುವಾಗ ಕೈಯಲ್ಲಿ ತೂಗಿ ನೋಡಿ: ನಿಜವಾಗಿ ಇದ್ದಿಲಿನ ಹರಳುಗಳಿರುವ ಫಿಲ್ಟರ್ ಅದೇ ಅಳತೆಯ ಸಾದಾ ಫಿಲ್ಟರಿಗಿಂತ ಸ್ಪಷ್ಟವಾಗಿ ಭಾರವಾಗಿರುತ್ತದೆ. ಬೂದು ಬಣ್ಣ ಹಚ್ಚಿದ ಬಟ್ಟೆಯನ್ನೇ ಇದ್ದಿಲೆಂದು ಮಾರುವವರಿದ್ದಾರೆ.

‘ಹೆಪಾ’ ಎಂಬ ಹೆಸರಿನ ಬಗ್ಗೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ. ಆ ಹೆಸರಿಗೆ ಅರ್ಹವಾದ ಫಿಲ್ಟರ್ 0.3 ಮೈಕ್ರೊಮೀಟರ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯಬೇಕು. ಅಷ್ಟು ದಟ್ಟವಾದ ಬಟ್ಟೆಯ ಮೂಲಕ ಗಾಳಿ ದೂಡಲು ಸಣ್ಣ ಕಾರಿನ ಬ್ಲೋವರಿಗೆ ಕಷ್ಟ. ಮುನ್ನೂರು ರೂಪಾಯಿಯ ಪೊಟ್ಟಣದ ಮೇಲೆ ಆ ಪದ ಕಂಡರೆ ಅದನ್ನು ಜಾಹೀರಾತೆಂದೇ ತಿಳಿಯಿರಿ. ಕ್ಯಾಬಿನ್ ಫಿಲ್ಟರುಗಳನ್ನು ಪರೀಕ್ಷಿಸುವುದಕ್ಕೆಂದೇ ಐ.ಎಸ್.ಒ. 11155 ಎಂಬ ಅಂತರರಾಷ್ಟ್ರೀಯ ಮಾನಕವಿದೆ; ಮೊದಲ ಭಾಗ ಕಣಗಳಿಗೆ, ಎರಡನೆಯದು ಅನಿಲಗಳಿಗೆ. ಪೊಟ್ಟಣದಲ್ಲಿ ಇದರ ಉಲ್ಲೇಖವಿದ್ದರೆ ದೊಡ್ಡ ಅಕ್ಷರದ ಹೆಸರುಗಳಿಗಿಂತ ಅದಕ್ಕೆ ಬೆಲೆ ಕೊಡಿ.

ಯಾವ ಫಿಲ್ಟರ್ ಹಾಕಿದರೂ ಗಾಜು ಇಳಿಸಿಕೊಂಡು ಹೋದರೆ ಅದರಿಂದ ಪ್ರಯೋಜನವಿಲ್ಲ. ಧೂಳಿನ ಜಾಗ ಅಥವಾ ಹೊಗೆ ಉಗುಳುವ ಲಾರಿಯ ಹಿಂಬದಿ ಬಂದಾಗ ಹೊರಗಿನ ಗಾಳಿಯನ್ನು ಮುಚ್ಚಿ ಒಳಗಿನ ಗಾಳಿಯನ್ನೇ ತಿರುಗಿಸುವ ರೀಸರ್ಕ್ಯುಲೇಷನ್ ಗುಂಡಿಯನ್ನು ಒತ್ತಿ. ಹೆಚ್ಚಿನ ಕಾರುಗಳಲ್ಲಿ ಒಳಗೆ ತಿರುಗುವ ಗಾಳಿಯೂ ಫಿಲ್ಟರಿನ ಮೂಲಕವೇ ಹಾಯುವುದರಿಂದ ಪ್ರತಿ ಸುತ್ತಿಗೂ ಅದು ಇನ್ನಷ್ಟು ಶುಚಿಯಾಗುತ್ತದೆ. ಬಹಳ ಹೊತ್ತು ಹಾಗೆಯೇ ಬಿಟ್ಟರೆ ಉಸಿರಿನ ಇಂಗಾಲದ ಡೈಆಕ್ಸೈಡ್ ಒಳಗೆ ಸೇರಿ ಮಂಪರು ಬರುತ್ತದೆ. ಆದ್ದರಿಂದ ದಾರಿ ಸ್ವಚ್ಛವಾದ ಕೂಡಲೇ ಹೊರಗಾಳಿಗೆ ಬದಲಿಸಿಕೊಳ್ಳಿ. ದಿನನಿತ್ಯದ ಇಂಥ ಓಡಾಟದಲ್ಲಿ ಫಿಲ್ಟರ್ ವರ್ಷದವರೆಗೆ ಬಾರದು, ಆರು ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಮಗಳ ಔಷಧದ ವಿಷಯದಲ್ಲಿ ವೈದ್ಯರ ಮಾತೇ ಮುಖ್ಯವೆಂಬುದು ತಮಗೆ ಗೊತ್ತಿದೆ. ಫಿಲ್ಟರ್ ಹಾಕಿದ್ದೇವೆಂದು ಇನ್‌ಹೇಲರನ್ನು ಮನೆಯಲ್ಲಿ ಬಿಟ್ಟು ಹೊರಡಬಾರದು.

ಪ್ರಶ್ನೆ: ಹಳೆಯ ಫಿಲ್ಟರನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ ಮತ್ತೆ ಹಾಕಬಹುದೇ? ನಮ್ಮೂರಿನ ಮೆಕ್ಯಾನಿಕ್ ಕಂಪ್ರೆಸರಿನ ಗಾಳಿ ಹೊಡೆದು ಕೊಡುತ್ತಾರೆ. ಇದರಿಂದ ಎರಡು ಮೂರು ವರ್ಷ ಬರುತ್ತದೆಂದು ಹೇಳುತ್ತಾರೆ.
– ಓದುಗರು, ಮುಳ್ಳೇರಿಯ

ಉತ್ತರ: ತೊಳೆಯಬಾರದು. ಈ ಫಿಲ್ಟರುಗಳ ಬಟ್ಟೆ ಬಹುಮಟ್ಟಿಗೆ ನೇಯದೆ ಒತ್ತಿ ಮಾಡಿದ ಸಿಂಥೆಟಿಕ್ ನಾರಿನದು, ಮತ್ತು ಹಲವು ಫಿಲ್ಟರುಗಳಲ್ಲಿ ಆ ನಾರಿಗೆ ವಿದ್ಯುದಾವೇಶವನ್ನು ಕೊಟ್ಟಿರುತ್ತಾರೆ. ರಂಧ್ರಕ್ಕಿಂತ ಸಣ್ಣದಾದ ಕಣವೂ ಆ ಆವೇಶದ ಸೆಳೆತಕ್ಕೆ ನಾರಿಗೆ ಅಂಟಿಕೊಳ್ಳುತ್ತದೆ. ಸಾಬೂನು ನೀರು ತಾಗಿದರೆ ಆವೇಶ ಹೋಗುತ್ತದೆ. ಒಣಗಿದ ಫಿಲ್ಟರ್ ಬೆಳ್ಳಗೆ ಕಂಡರೂ ಸಣ್ಣ ಕಣಗಳ ಪಾಲಿಗೆ ಅದು ತೆರೆದ ಬಾಗಿಲೇ. ಇದ್ದಿಲಿನದ್ದಂತೂ ತೊಳೆದರೆ ಪೂರ್ತಿ ಕೆಟ್ಟಿತು. ಕಂಪ್ರೆಸರಿನ ಗಾಳಿಯ ರಭಸಕ್ಕೆ ನಾರುಗಳು ಬಿರಿದು ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಆಮೇಲೆ ಬ್ಲೋವರ್ ಜೋರಾಗಿ ಬೀಸುವುದನ್ನು ನೋಡಿ ಫಿಲ್ಟರ್ ಶುಚಿಯಾಯಿತೆಂದು ನಾವು ಸಂತೋಷಪಡುತ್ತೇವೆ. ಎಲೆ, ಹೂವಿನ ರೇಕು, ಸತ್ತ ಹುಳಗಳನ್ನು ಮೆಲ್ಲನೆ ತಟ್ಟಿ ಕೊಡವುವುದರಲ್ಲಿ ತಪ್ಪಿಲ್ಲ. ‘ತೊಳೆಯಬಹುದು’ ಎಂದು ತಯಾರಕರೇ ಮುದ್ರಿಸಿದ ಜಾಲರಿ ಮಾದರಿಯದ್ದನ್ನು ಮಾತ್ರ ತೊಳೆಯಬಹುದು, ಆದರೆ ಅದು ದಪ್ಪ ಧೂಳನ್ನಷ್ಟೇ ತಡೆಯುವಂಥದು.

ಪ್ರಶ್ನೆ: ನಮ್ಮದು ಅಡಿಕೆ ತೋಟದ ಮನೆ. ಕಾರನ್ನು ಅಂಗಳದಾಚೆಯ ಕೊಟ್ಟಿಗೆಯ ಬದಿಯಲ್ಲಿ, ಹಲಸಿನ ಮರದ ಕೆಳಗೆ ನಿಲ್ಲಿಸುತ್ತೇವೆ. ಮಳೆಗಾಲದಲ್ಲಿ ಎ.ಸಿ. ಹಾಕಿದ ಕೂಡಲೇ ಕೊಳೆತ ವಾಸನೆ. ಫಿಲ್ಟರ್ ತೆಗೆದಾಗ ಇಲಿಯ ಹಿಕ್ಕೆ, ಅಡಿಕೆ ಸಿಪ್ಪೆಯ ನಾರು ಸಿಕ್ಕಿತು. ಹೊಸದನ್ನು ಹಾಕಿದ ಎರಡೇ ತಿಂಗಳಲ್ಲಿ ಮತ್ತೆ ಅದೇ ಕಥೆ. ದುಬಾರಿ ಫಿಲ್ಟರ್ ಹಾಕಬೇಕೇ?
– ಓದುಗರು, ಪೆರ್ಲ

ಉತ್ತರ: ದುಬಾರಿಯದ್ದು ಬೇಡ; ಇಲಿ ಬೆಲೆ ನೋಡಿ ಕಚ್ಚುವುದಿಲ್ಲ. ದಾರಿ ಮುಚ್ಚುವವರೆಗೆ ಅತ್ಯಂತ ಅಗ್ಗದ ಸಾದಾ ಫಿಲ್ಟರನ್ನೇ ಹಾಕಿ.

ಮೊದಲು ಶುಚಿ ಮಾಡುವ ಕ್ರಮ. ಇಲಿಜ್ವರ ನಮ್ಮ ಜಿಲ್ಲೆಗೆ ಹೊಸದಲ್ಲ. ಇಲಿಯ ಮೂತ್ರ ತಾಗಿದ ವಸ್ತುವನ್ನು ಬರಿಗೈಯಲ್ಲಿ ಮುಟ್ಟಬಾರದು. ಕೈಗವಸು, ಮಾಸ್ಕ್ ಹಾಕಿಕೊಂಡು, ಒಣ ಹಿಕ್ಕೆಯನ್ನು ಗುಡಿಸದೆ ಸೋಂಕುನಿವಾರಕ ದ್ರಾವಣದಲ್ಲಿ ಒದ್ದೆ ಮಾಡಿ ಬಟ್ಟೆಯಿಂದ ಒರೆಸಿ ತೆಗೆಯಿರಿ. ಆ ಫಿಲ್ಟರನ್ನು ಎಷ್ಟೇ ಹೊಸದಾಗಿದ್ದರೂ ಎಸೆಯಿರಿ. ಬ್ಲೋವರಿನ ಚಕ್ರದೊಳಗೂ ನಾರು ಸಿಕ್ಕಿಕೊಂಡಿದ್ದರೆ ಗರಗರ ಸದ್ದು ಬರುತ್ತದೆ. ಅದನ್ನು ಬಿಚ್ಚಿಸಿ ತೆಗೆಸಬೇಕು.

ಇಲಿ ಒಳಹೊಕ್ಕುವುದು ಹೆಚ್ಚಾಗಿ ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗಿರುವ ಗಾಳಿಯ ದ್ವಾರದಿಂದ. ಅಲ್ಲಿ ಸಣ್ಣ ಕಣ್ಣಿನ ಸ್ಟೀಲಿನ ಜಾಲರಿಯನ್ನು ಮೆಕ್ಯಾನಿಕ್ಕರಿಂದ ಕೂರಿಸಿಕೊಳ್ಳಬಹುದು. ಪ್ಲಾಸ್ಟಿಕ್ಕಿನದ್ದಾದರೆ ಒಂದು ರಾತ್ರಿಗೂ ಬಾರದು. ಕಾರು ನಿಲ್ಲಿಸುವಾಗ ರೀಸರ್ಕ್ಯುಲೇಷನ್ ಗುಂಡಿ ಒತ್ತಿಟ್ಟರೆ ಹೊರಗಾಳಿಯ ಕದ ಮುಚ್ಚಿಕೊಂಡು ಒಳದಾರಿ ಸ್ವಲ್ಪಮಟ್ಟಿಗೆ ಕಟ್ಟಿದಂತಾಗುತ್ತದೆ. ಸೀಟಿನ ಕೆಳಗೆ ಮಕ್ಕಳು ಬಿಟ್ಟ ತಿಂಡಿಯ ಪೊಟ್ಟಣಗಳನ್ನೂ ಡಿಕ್ಕಿಯಲ್ಲಿ ಉಳಿದ ಅಡಿಕೆ, ಕೊಬ್ಬರಿಯ ಚೂರುಗಳನ್ನೂ ತೆಗೆದುಹಾಕಿ. ಸಾಧ್ಯವಾದರೆ ಕೊಟ್ಟಿಗೆಯಿಂದಲೂ ಅಡಿಕೆ ಸಿಪ್ಪೆಯ ರಾಶಿಯಿಂದಲೂ ದೂರ ನಿಲ್ಲಿಸಿ.

ವಾಸನೆಗೆ ಇಲಿಯಲ್ಲದೆ ಇನ್ನೊಂದು ಕಾರಣವೂ ಇದೆ, ಅದು ಹಲಸಿನ ಎಲೆ. ಅದೇ ಗಾಳಿಯ ದ್ವಾರದ ತಳದಲ್ಲಿ ಮಳೆನೀರು ಹರಿದುಹೋಗಲು ತೂತುಗಳಿರುತ್ತವೆ. ಎಲೆ ಕೊಳೆತು ಅವು ಕಟ್ಟಿದರೆ ನೀರು ನಿಂತು ಬ್ಲೋವರಿನ ಕಡೆಗೆ ಸೋರಿ ಫಿಲ್ಟರನ್ನು ನೆನೆಸುತ್ತದೆ. ಹೊಸ ಫಿಲ್ಟರ್ ಎರಡು ತಿಂಗಳಲ್ಲಿ ಕೆಡುವುದಕ್ಕೆ ಬಹುಶಃ ಇದೇ ಮೂಲ. ಬಾನೆಟ್ ತೆರೆದು ಎಲೆಗಳನ್ನು ಹೆಕ್ಕಿ, ಒಂದು ಚೊಂಬು ನೀರು ಹೊಯ್ದು ಅದು ಕೆಳಗೆ ಇಳಿದುಹೋಗುತ್ತದೆಯೇ ಎಂದು ನೋಡಿ. ಹಾಗೆಯೇ ಎ.ಸಿ. ಓಡುವಾಗ ಕಾರಿನಡಿಯಲ್ಲಿ ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕದೆ ಎಡಸೀಟಿನ ಕೆಳಗಿನ ಕಾರ್ಪೆಟ್ ಒದ್ದೆಯಾಗಿದ್ದರೆ ಎ.ಸಿ.ಯ ನೀರಿನ ಕೊಳವೆ ಕಟ್ಟಿದೆ ಎಂದರ್ಥ. ಮನೆ ತಲುಪುವ ಎರಡು ಮೂರು ನಿಮಿಷ ಮೊದಲು ಎ.ಸಿ. ಗುಂಡಿಯನ್ನು ಮಾತ್ರ ಆರಿಸಿ ಬ್ಲೋವರನ್ನು ಓಡಲು ಬಿಟ್ಟರೆ ಒಳಗಿನ ಕಾಯಿಲಿನ ತೇವ ಆರಿ ಬೂಸ್ಟು ಬೆಳೆಯುವುದು ಕಡಿಮೆಯಾಗುತ್ತದೆ. ಸುಗಂಧದ ಡಬ್ಬಿಗಳಿಗೆ ಹಣ ಹಾಕಬೇಡಿ. ತೋಟಕ್ಕೆ ಮದ್ದು ಬಿಡುವ ದಿನಗಳಲ್ಲಿ ಮಾತ್ರ ಕಾರನ್ನು ಆ ಬದಿಯಿಂದ ಸರಿಸಿಡಿ. ಬೋರ್ಡೋ ದ್ರಾವಣದ ಹನಿ ಗಾಜಿನ ಬುಡದ ದ್ವಾರಕ್ಕೂ ಬೀಳುತ್ತದೆ, ಪೈಂಟಿಗೂ ಒಳ್ಳೆಯದಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕೊಂಡ ನನ್ನ ಹಳೆಯ ಕಾರಿನಲ್ಲಿ ಗ್ಲೋವ್ ಬಾಕ್ಸಿನ ಹಿಂದೆ ಫಿಲ್ಟರೇ ಇಲ್ಲ. ಮನೆಯ ಎ.ಸಿ.ಯ ಜಾಲರಿಯನ್ನು ಕತ್ತರಿಸಿ ಹಾಕಬಹುದೆಂದು ಸ್ನೇಹಿತರು ಹೇಳುತ್ತಾರೆ. ಸರಿಯೇ?
– ಓದುಗರು, ಕುಂಬಳೆ

ಉತ್ತರ: ಹಳೆಯ ಸಣ್ಣ ಕಾರುಗಳ ಕಡಿಮೆ ಬೆಲೆಯ ಮಾದರಿಗಳಲ್ಲಿ ಫಿಲ್ಟರನ್ನು ಕೊಡದೆ ಬಿಟ್ಟದ್ದುಂಟು. ಕೆಲವು ಕಾರುಗಳಲ್ಲಿ ಅದನ್ನು ಇಡುವ ಜಾಗ ಮಾತ್ರ ಸಿದ್ಧವಿದ್ದು, ಮುಂಭಾಗವನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿರುತ್ತಾರೆ. ಅದೇ ಕಾರಿನ ಮೇಲಿನ ಮಾದರಿಗೆ ಫಿಲ್ಟರ್ ಇದ್ದರೆ ಆ ಪಾರ್ಟ್ ನಂಬರಿನ ಫಿಲ್ಟರನ್ನೂ ಅದರ ಮುಚ್ಚಳವನ್ನೂ ತರಿಸಿ, ಅನುಭವವಿರುವ ಮೆಕ್ಯಾನಿಕ್ಕರಿಂದ ಹಾಳೆಯನ್ನು ಕತ್ತರಿಸಿ ಕೂರಿಸಿಕೊಳ್ಳಬಹುದು. ಮುಚ್ಚಳವಿಲ್ಲದೆ ಕತ್ತರಿಸಿ ಬಿಟ್ಟರೆ ಗಾಳಿ ಅಲ್ಲಿಂದಲೇ ಸೋರುತ್ತದೆ. ಮನೆಯ ಎ.ಸಿ.ಯ ಜಾಲರಿ, ಮಾಸ್ಕಿನ ಬಟ್ಟೆ, ಸ್ಪಂಜು ಇವುಗಳನ್ನು ಗಟ್ಟಿ ಚೌಕಟ್ಟಿಲ್ಲದೆ ತುರುಕಿದರೆ ಬ್ಲೋವರ್ ಎಳೆದುಕೊಂಡು ಚಕ್ರಕ್ಕೆ ಸುತ್ತಿಕೊಳ್ಳುವ ಅಪಾಯವಿದೆ. ಹಾಗೆ ಮೋಟರ್ ಸುಟ್ಟರೆ ಹತ್ತು ವರ್ಷದ ಫಿಲ್ಟರುಗಳ ಹಣ ಒಂದೇ ದಿನದಲ್ಲಿ ಹೋದಂತೆ. ಜಾಗವೇ ಇಲ್ಲದ ಕಾರಾದರೆ ವರ್ಷಕ್ಕೊಮ್ಮೆ, ಧೂಳಿನ ಕಾಲ ಮುಗಿದ ಮೇಲೆ, ಎ.ಸಿ. ಕಾಯಿಲನ್ನೂ ಬ್ಲೋವರನ್ನೂ ಶುಚಿ ಮಾಡಿಸಿಕೊಳ್ಳಿ. ಆ ಕೆಲಸಕ್ಕೆ ಎಷ್ಟಾಗುತ್ತದೆಂದು ಎರಡು ಕಡೆ ಕೇಳಿ, ಡ್ಯಾಶ್‌ಬೋರ್ಡ್ ಬಿಚ್ಚದೆ ಮಾಡುವವರು ಸಿಕ್ಕಿದರೆ ಅವರಿಗೇ ಕೊಡಿ.